ಕ್ಲಿಕ್ ಮಾಡಿದರೆ ಸಾಲದು: ಮ್ಯಾಪ್ ಕ್ವಿಜ್ ಆಡುತ್ತಾ ಭೂಗೋಳ ಕಲಿಯುವ ಬಗೆ

ಯುರೋಪಿನ ಮ್ಯಾಪ್ ಕ್ವಿಜ್ ತೆರೆದು ನಾಲ್ಕು ದಿನ ಬಿಡದೆ ಆಡಿದರೆ ಯಾರಿಗಾದರೂ ನೂರಕ್ಕೆ ತೊಂಬತ್ತು ಬಂದೇ ಬರುತ್ತದೆ. ಒಂದು ತಿಂಗಳು ಬಿಟ್ಟು ಅದೇ ವ್ಯಕ್ತಿಯ ಕೈಗೆ ಖಾಲಿ ಹಾಳೆ ಕೊಡಿ. ಸ್ಲೊವೇನಿಯಾ ಎಲ್ಲಿದೆ, ಅದರ ಅಕ್ಕಪಕ್ಕ ಯಾವ ದೇಶಗಳಿವೆ ಎಂದು ಕೇಳಿ. ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊಯೇಷಿಯಾ ಎಂದು ಪಟಪಟ ಹೇಳುವವರು ಕಡಿಮೆ. ಹೆಚ್ಚಿನವರು ತಡವರಿಸುತ್ತಾರೆ.

ಇದು ಕ್ವಿಜ್‌ನ ತಪ್ಪಲ್ಲ, ಆಡುವ ರೀತಿಯ ತಪ್ಪು. ಪರದೆ ಮೇಲೆ ಗಡಿಗಳನ್ನು ಎಳೆದಿಟ್ಟು "ಇದರಲ್ಲಿ ಸ್ಲೊವೇನಿಯಾ ಯಾವುದು?" ಎಂದು ಕೇಳಿದಾಗ ನಾವು ಬರೀ ಗುರುತು ಹಿಡಿಯುತ್ತೇವೆ. ಏನೂ ಇಲ್ಲದ ಜಾಗದಲ್ಲಿ ನೆನಪಿನಿಂದ ತೆಗೆದು ಇಡುವುದು ಬೇರೆಯದೇ ಕೆಲಸ. ಮೊದಲನೆಯದರಿಂದ ಶುರುಮಾಡಿ ಎರಡನೆಯದಕ್ಕೆ ಹೋಗುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಕ್ವಿಜ್ ಅಂದರೆ ಎಲ್ಲ ಓದಿ ಮುಗಿಸಿದ ಮೇಲೆ ಬರೆಯುವ ಪರೀಕ್ಷೆ ಎಂದುಕೊಳ್ಳಬೇಡಿ. ಅದೇ ಕಲಿಕೆ. ಶಾನಾ ಕಾರ್ಪೆಂಟರ್ ಮತ್ತು ಹೆರಾಲ್ಡ್ ಪ್ಯಾಶ್ಲರ್ ಎಂಬ ಮನೋವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ನಕ್ಷೆಗಳ ಮೇಲೆಯೇ ಪರೀಕ್ಷಿಸಿ ನೋಡಿದ್ದರು. ನಕ್ಷೆಯಿಂದ ಒಂದು ಗುರುತನ್ನು ಮಾಯ ಮಾಡಿ, ಅಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳುವಂತೆ ಮಾಡಿದರು. ಅಷ್ಟೇ ಹೊತ್ತು ಸುಮ್ನೆ ನೋಡಿ ಕಲಿತ ನಕ್ಷೆಗಿಂತ, ಹೀಗೆ ತಡಕಾಡಿ ಕಲಿತ ನಕ್ಷೆಯನ್ನು ಜನ ಆಮೇಲೆ ಹೆಚ್ಚು ಸರಿಯಾಗಿ ಬಿಡಿಸಿದರು. ಹಾಗಾಗಿ ಏನೂ ಗೊತ್ತಿಲ್ಲದೆಯೂ ಕ್ವಿಜ್ ಶುರುಮಾಡಬಹುದು. ಶುರುಮಾಡಬೇಕು ಕೂಡ.

ಮೊದಲು ಒಂದು ಸೈಟ್ ಆರಿಸಿಕೊಳ್ಳಿ

ಬೇಕಾದಷ್ಟು ಸೈಟ್‌ಗಳಿವೆ. ಮೊದಲಿಗರಿಗೆ ನಾನು ಹೇಳುವುದು ಸೆಟೆರಾ. ಸ್ವೀಡನ್‌ನಲ್ಲಿ ಹುಟ್ಟಿದ ಈ ಆಟ ಈಗ ಜಿಯೋಗೆಸರ್ ಕಂಪನಿಯ ಕೈಯಲ್ಲಿದೆ. ದೇಶ, ರಾಜಧಾನಿ, ಬಾವುಟ, ನದಿ, ಪರ್ವತ ಎಲ್ಲಕ್ಕೂ ಬೇರೆ ಬೇರೆ ಕ್ವಿಜ್ ಇವೆ. ಒಂದೇ ನಕ್ಷೆಯನ್ನು ತೋರಿಸುವ, ಟೈಪ್ ಮಾಡುವ, ಹೆಸರು ನೋಡಿ ಕಲಿಯುವ ಬಗೆಗಳಲ್ಲಿ ಆಡಬಹುದು. ಟೈಪ್ ಮಾಡುವ ಆಟಗಳಿಗೆ ಜೆಟ್‌ಪಂಕ್ ಮತ್ತು ಸ್ಪೋರ್ಕಲ್ ಚೆನ್ನಾಗಿವೆ. ಅಲ್ಲಿ ನಮ್ಮದೇ ಕ್ವಿಜ್ ಮಾಡಿಕೊಳ್ಳುವ ಸೌಲಭ್ಯವೂ ಇದೆ, ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಒಂದನ್ನು ಹಿಡಿಯಿರಿ, ಉಳಿದದ್ದನ್ನು ಸದ್ಯಕ್ಕೆ ಬಿಡಿ. ಆಗುವುದಾದರೆ ಕಂಪ್ಯೂಟರ್‌ನಲ್ಲಿ ಆಡಿ. ಫೋನಿನ ಪರದೆಯಲ್ಲಿ ಲಕ್ಸೆಂಬರ್ಗ್ ಒತ್ತಲು ಹೋದ ಬೆರಳು ಬೆಲ್ಜಿಯಂ ಒತ್ತುತ್ತದೆ. ಆಮೇಲೆ ತಪ್ಪು ತಲೆಯದೋ ಬೆರಳಿನದೋ ಗೊತ್ತಾಗುವುದಿಲ್ಲ.

ಚಿಕ್ಕ ನಕ್ಷೆಯಿಂದ ಶುರು: ದಕ್ಷಿಣ ಅಮೆರಿಕ

ಪ್ರಪಂಚದ ನಕ್ಷೆಗೆ ನೇರವಾಗಿ ಕೈಹಾಕಬೇಡಿ. ವಿಶ್ವಸಂಸ್ಥೆಯ ಸದಸ್ಯ ದೇಶಗಳೇ 193. ಒಟ್ಟಿಗೆ ನುಂಗಲು ಹೋದರೆ ಮೂರನೇ ದಿನ ಬೇಸರ ಬರುತ್ತದೆ. ದಕ್ಷಿಣ ಅಮೆರಿಕದಲ್ಲಿ ಇರುವುದು 12 ದೇಶ, ಜೊತೆಗೆ ಫ್ರಾನ್ಸ್‌ಗೆ ಸೇರಿದ ಫ್ರೆಂಚ್ ಗಯಾನಾ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಖಂಡ ಇಲ್ಲ.

ಮೊದಲ ಸಲ ಏನೂ ನೋಡದೆ ಆಡಿ. ಬ್ರೆಜಿಲ್, ಅರ್ಜೆಂಟೀನಾ ಸಿಕ್ಕಿಬಿಡುತ್ತವೆ. ಉದ್ದ ಪಟ್ಟಿಯಂಥ ಚಿಲಿ ಕೂಡ. ಪರಾಗ್ವೆ ಕೇಳಿದಾಗ ಕೈ ಉರುಗ್ವೆ ಮೇಲೆ ಹೋಗುತ್ತದೆ. ಈಶಾನ್ಯ ಮೂಲೆಯ ಗಯಾನಾ, ಸುರಿನಾಮ್, ಫ್ರೆಂಚ್ ಗಯಾನಾ ಬಂದಾಗಲಂತೂ ಊಹೆಯೇ ಗತಿ. ತಪ್ಪಾಗಲಿ. ಆಟ ಮುಗಿದ ತಕ್ಷಣ "ಮತ್ತೆ ಆಡಿ" ಗುಂಡಿ ಒತ್ತಬೇಡಿ. ಇಲ್ಲಿ ಐದು ನಿಮಿಷ ನಿಲ್ಲುವುದೇ ಇಡೀ ವಿಧಾನದ ಜೀವಾಳ. ತಪ್ಪಾದ ಹೆಸರುಗಳನ್ನು ಹಾಳೆಯಲ್ಲಿ ಬರೆದುಕೊಂಡು, ಒಂದೊಂದಕ್ಕೂ ಒಂದು ಕಾರಣ ಹುಡುಕಿ. ಆ ದೇಶ ಅಲ್ಲೇ ಯಾಕಿದೆ, ಪಕ್ಕದ್ದಕ್ಕಿಂತ ಹೇಗೆ ಬೇರೆ ಎಂದು.

ಪರಾಗ್ವೆ ಮತ್ತು ಉರುಗ್ವೆ ತಗೊಳ್ಳಿ. ಉರುಗ್ವೆ ಸಮುದ್ರದ ದಂಡೆಯಲ್ಲಿದೆ, ಪರಾಗ್ವೆ ಒಳನಾಡಿನಲ್ಲಿದೆ. ಈ ಖಂಡದಲ್ಲಿ ಸಮುದ್ರ ಮುಟ್ಟದ ದೇಶಗಳು ಎರಡೇ, ಬೊಲಿವಿಯಾ ಮತ್ತು ಪರಾಗ್ವೆ. ಎರಡೂ ಅಕ್ಕಪಕ್ಕದಲ್ಲೇ ಇವೆ. ಬೊಲಿವಿಯಾಕ್ಕೆ ಒಂದು ಕಾಲದಲ್ಲಿ ಕಡಲ ತೀರ ಇತ್ತು. 1879ರಲ್ಲಿ ಚಿಲಿ ಜೊತೆ ಶುರುವಾದ ಯುದ್ಧದಲ್ಲಿ ಅದನ್ನು ಕಳೆದುಕೊಂಡಿತು. ಈ ಸಂಗತಿ ತಿಳಿದ ಮೇಲೆ ಚಿಲಿ ಯಾಕೆ ಅಷ್ಟು ಉತ್ತರದ ತನಕ ಚಾಚಿದೆ ಅನ್ನುವುದೂ ಹೊಳೆಯುತ್ತದೆ, ಅಲ್ವಾ?

ಈಶಾನ್ಯ ಮೂಲೆಯ ಮೂರಕ್ಕೆ ಹಿಂದಿನ ಆಳರಸರನ್ನು ನೆನೆಯಿರಿ. ಪಶ್ಚಿಮದಿಂದ ಪೂರ್ವಕ್ಕೆ ಬಂದರೆ ಬ್ರಿಟಿಷರ ಗಯಾನಾ, ಡಚ್ಚರ ಸುರಿನಾಮ್, ಫ್ರೆಂಚರ ಗಯಾನಾ. ಮೂರನೆಯದು ಇವತ್ತಿಗೂ ಫ್ರಾನ್ಸ್‌ನ ಭಾಗ. ಈಕ್ವೆಡಾರ್‌ಗೆ ಭೂಮಧ್ಯರೇಖೆಯಿಂದಲೇ ಹೆಸರು ಬಂದಿದೆ, ಆ ರೇಖೆ ಹಾಯುವಲ್ಲಿ ಪಶ್ಚಿಮ ದಂಡೆಯಲ್ಲಿ ಹುಡುಕಿ. ಇನ್ನೂ ಒಂದು: ಖಂಡದ 12 ದೇಶಗಳಲ್ಲಿ ಬ್ರೆಜಿಲ್ ಜೊತೆ ಗಡಿ ಇಲ್ಲದವು ಚಿಲಿ ಮತ್ತು ಈಕ್ವೆಡಾರ್ ಮಾತ್ರ. ಈ ಒಂದು ವಾಕ್ಯ ಅರ್ಧ ನಕ್ಷೆಯನ್ನು ಹಿಡಿದು ನಿಲ್ಲಿಸುತ್ತದೆ.

ಈಗ ಎರಡನೇ ಸಲ ಆಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ.

ಅಂಕ ಹೇಳದ ಸಂಗತಿಗಳು

ಕ್ವಿಜ್ ಕೊಡುವ ಅಂಕವನ್ನು ಪೂರ್ತಿ ನಂಬಬೇಡಿ. ಸರಿ ಉತ್ತರ ಬಂದ ದೇಶಕ್ಕೆ ಬಣ್ಣ ತುಂಬುವ ಆಟಗಳೇ ಜಾಸ್ತಿ. ಆಡುತ್ತಾ ಹೋದಂತೆ ಖಾಲಿ ಜಾಗ ಕಡಿಮೆಯಾಗುತ್ತದೆ. ಕೊನೆಗೆ ಮೂರೇ ದೇಶ ಉಳಿದಾಗ ಗೊತ್ತಿಲ್ಲದಿದ್ದರೂ ಸರಿ ಒತ್ತಿಬಿಡುತ್ತೀರಿ. ಕೊನೆಯದಂತೂ ಪುಕ್ಕಟೆ ಅಂಕ. ಆದ್ದರಿಂದ ಪ್ರತಿ ಸಲ ಕೊನೆಯ ನಾಲ್ಕೈದು ಹೆಸರುಗಳ ಮೇಲೆ ಕಣ್ಣಿಡಿ. ಅವುಗಳಲ್ಲಿ ನಿಜವಾಗಿ ಗೊತ್ತಿದ್ದು ಒತ್ತಿದ್ದು ಯಾವುದು, ಉಳಿದಿತ್ತು ಅಂತ ಒತ್ತಿದ್ದು ಯಾವುದು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಕೊಟ್ಟ ದೇಶಕ್ಕೆ ಬಣ್ಣ ತುಂಬದ ಕಠಿಣ ಆಯ್ಕೆ ಇದ್ದರೆ ಎರಡನೇ ವಾರದಿಂದ ಅದನ್ನೇ ಬಳಸಿ.

ಪುಟ್ಟ ದೇಶಗಳದ್ದು ಇನ್ನೊಂದು ಸಮಸ್ಯೆ. ಸ್ಯಾನ್ ಮರಿನೋ, ಲಿಚ್ಟೆನ್‌ಸ್ಟೈನ್, ಮೊನಾಕೊ ನಕ್ಷೆಯಲ್ಲಿ ಕಾಣುವುದಿಲ್ಲ ಅಂತ ಅಲ್ಲೊಂದು ವೃತ್ತ ಹಾಕಿರುತ್ತಾರೆ. ನಾಲ್ಕು ಸಲ ಆಡಿದ ಮೇಲೆ ನಮಗೆ ನೆನಪಿರುವುದು ದೇಶ ಅಲ್ಲ, ಎಡಗಡೆಯಿಂದ ಎರಡನೇ ವೃತ್ತ. ಇದನ್ನು ತಪ್ಪಿಸಲು ಒಂದೇ ದಾರಿ: ಪ್ರತಿ ವೃತ್ತವನ್ನು ದೊಡ್ಡ ನೆರೆಯವರ ಹೆಸರಿನ ಜೊತೆ ಹೇಳಿಕೊಳ್ಳಿ. ಸ್ಯಾನ್ ಮರಿನೋ ಇಟಲಿಯ ಹೊಟ್ಟೆಯೊಳಗೆ. ಲಿಚ್ಟೆನ್‌ಸ್ಟೈನ್ ಸ್ವಿಟ್ಜರ್‌ಲೆಂಡ್ ಮತ್ತು ಆಸ್ಟ್ರಿಯಾ ನಡುವೆ. ಮೊನಾಕೊ ಫ್ರಾನ್ಸ್‌ನ ದಕ್ಷಿಣ ಕರಾವಳಿಯಲ್ಲಿ.

ಗಡಿಯಾರದ ಹಿಂದೆ ಓಡುವುದೂ ಬೇಡ. ಮಕ್ಕಳ ಜೊತೆ ಆಡುವವರು ಇದನ್ನು ವಿಶೇಷವಾಗಿ ಗಮನಿಸಿ. ಮಗು ಒಂದು ನಿಮಿಷವನ್ನು ಐವತ್ತು ಸೆಕೆಂಡಿಗೆ ಇಳಿಸಿದರೆ ಅಲ್ಲಿ ಬೆಳೆದದ್ದು ಮೌಸ್ ಹಿಡಿಯುವ ಚುರುಕು. ನೂರಕ್ಕೆ ನೂರು ಬರಲು ಶುರುವಾದ ಮೇಲೆ ಮಾತ್ರ ಸಮಯ ನೋಡಿ. ಅದೂ ಒಂದೇ ಕಾರಣಕ್ಕೆ: ಎಲ್ಲಿ ಕೈ ತಡೆಯಿತು ಎಂದು ತಿಳಿಯಲು. ಸರಿ ಉತ್ತರವೇ ಆದರೂ ಮೂರು ಸೆಕೆಂಡು ಯೋಚಿಸಿ ಒತ್ತಿದ ದೇಶ ಇನ್ನೂ ಗಟ್ಟಿಯಾಗಿಲ್ಲ. ಅದನ್ನೂ ಹಾಳೆಗೆ ಸೇರಿಸಿ.

ತೋರಿಸುವುದರಿಂದ ಹೇಳುವುದಕ್ಕೆ, ಹೇಳುವುದರಿಂದ ಬಿಡಿಸುವುದಕ್ಕೆ

ತೋರಿಸುವ ಆಟದಲ್ಲಿ ಸಲೀಸಾದ ಮೇಲೆ ತಿರುಗಿಸಿ ಆಡಬೇಕು. ಅಂದರೆ ಆಟ ಜಾಗವನ್ನು ತೋರಿಸಬೇಕು, ಹೆಸರನ್ನು ನೀವು ಟೈಪ್ ಮಾಡಬೇಕು. ಇಂಗ್ಲಿಷ್ ಸ್ಪೆಲ್ಲಿಂಗ್ ಕಾಟ ಕೊಟ್ಟರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ನೀವು ಕಲಿಯಲು ಬಂದದ್ದು ಭೂಗೋಳ. ಹೆಸರಿಲ್ಲದ ನಕ್ಷೆ ತೆರೆದು ಒಂದೊಂದೇ ದೇಶದ ಮೇಲೆ ಬೆರಳಿಟ್ಟು ಜೋರಾಗಿ ಹೆಸರು ಹೇಳಿ. ಮನೆಯಲ್ಲಿ ಯಾರಾದರೂ ಪಕ್ಕ ಕೂತು ಸರಿಯೋ ತಪ್ಪೋ ನೋಡಿದರೆ ಇನ್ನೂ ಒಳ್ಳೆಯದು.

ಮೂರನೇ ಮೆಟ್ಟಿಲು ಖಾಲಿ ಹಾಳೆ. ಪೆನ್ಸಿಲ್ ತಗೊಂಡು ಖಂಡವನ್ನು ಒರಟಾಗಿ ಬಿಡಿಸಿ. ಕರಾವಳಿ ಅಂಕುಡೊಂಕು ಸರಿ ಬರಬೇಕಿಲ್ಲ, ದೇಶಗಳು ಬರೀ ಚೌಕಗಳಾದರೂ ನಡೆಯುತ್ತದೆ. ಯಾವುದರ ಪಕ್ಕ ಯಾವುದು, ಯಾರಿಗೆ ಸಮುದ್ರ ಇದೆ, ಯಾರಿಗೆ ಇಲ್ಲ ಎನ್ನುವುದು ಸರಿ ಇರಬೇಕು. ಆಮೇಲೆ ನಕ್ಷೆ ತೆರೆದು ಹೋಲಿಸಿ. ಪರದೆಯಲ್ಲಿ ನೂರಕ್ಕೆ ನೂರು ತೆಗೆದವರು ಇಲ್ಲಿ ಎರಡು ದೇಶಗಳನ್ನೇ ಮರೆತುಬಿಟ್ಟಿರುತ್ತಾರೆ. ಆ ಎರಡನ್ನು ಪತ್ತೆ ಹಚ್ಚುವುದಕ್ಕೇ ಈ ಮೆಟ್ಟಿಲು ಇರುವುದು.

ಆಫ್ರಿಕಾವನ್ನು ತುಂಡು ಮಾಡಿ ಕಲಿಯಿರಿ

ಎಲ್ಲರೂ ಸೋಲುವ ಖಂಡ ಆಫ್ರಿಕಾ. ವಿಶ್ವಸಂಸ್ಥೆಯ ಸದಸ್ಯ ದೇಶಗಳೇ 54 ಇವೆ. ಒಂದೇ ಕ್ವಿಜ್‌ನಲ್ಲಿ ಎಲ್ಲವನ್ನೂ ಆಡಬೇಡಿ. ಉತ್ತರ, ಪಶ್ಚಿಮ, ಮಧ್ಯ, ಪೂರ್ವ, ದಕ್ಷಿಣ ಎಂದು ಭಾಗ ಮಾಡಿ, ವಾರಕ್ಕೊಂದು ಭಾಗದಂತೆ ಸಾಗಿ. ನಿಮಗೆ ಬೇಕಾದ ದೇಶಗಳನ್ನಷ್ಟೇ ಸೇರಿಸಿ ಸ್ವಂತ ಕ್ವಿಜ್ ಮಾಡಿಕೊಳ್ಳುವ ಸೌಲಭ್ಯ ಇಲ್ಲಿ ಕೈಹಿಡಿಯುತ್ತದೆ.

ಪಶ್ಚಿಮದ ಕರಾವಳಿಯನ್ನು ಮಣಿ ಪೋಣಿಸಿದ ಹಾಗೆ ಸಾಲಾಗಿ ಕಲಿಯಿರಿ. ಸೆನೆಗಲ್, ಗಿನಿ-ಬಿಸ್ಸಾವ್, ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ, ಐವರಿ ಕೋಸ್ಟ್, ಘಾನಾ, ಟೋಗೊ, ಬೆನಿನ್, ನೈಜೀರಿಯಾ. ಸೆನೆಗಲ್ ಹೊಟ್ಟೆಯೊಳಗೆ ನದಿಯ ಗುಂಟ ತೆಳ್ಳಗೆ ಮಲಗಿರುವುದು ಗ್ಯಾಂಬಿಯಾ. ನದಿ ಬ್ರಿಟಿಷರ ಕೈಯಲ್ಲಿತ್ತು, ಸುತ್ತಲಿನ ನೆಲ ಫ್ರೆಂಚರದ್ದು, ಅದಕ್ಕೇ ಆ ವಿಚಿತ್ರ ಆಕಾರ. ಈ ಸಾಲಿನ ಹಿಂದೆ ಒಳನಾಡಿನಲ್ಲಿ ಮಾಲಿ, ಬುರ್ಕಿನಾ ಫಾಸೊ, ನೈಜರ್. ನೈಜೀರಿಯಾಕ್ಕೆ ಸಮುದ್ರ ಇದೆ, ಅದರ ತಲೆ ಮೇಲೆ ಕೂತ ನೈಜರ್‌ಗೆ ಇಲ್ಲ. ಎರಡಕ್ಕೂ ಹೆಸರು ಕೊಟ್ಟದ್ದು ಒಂದೇ ನೈಜರ್ ನದಿ.

ಗಿನಿ ಎಂಬ ಹೆಸರಿನ ಗೊಂದಲವನ್ನು ಒಂದೇ ದಿನ ಕೂತು ಬಗೆಹರಿಸಿಕೊಳ್ಳಿ. ಗಿನಿ ಮತ್ತು ಗಿನಿ-ಬಿಸ್ಸಾವ್ ಪಶ್ಚಿಮ ಕರಾವಳಿಯಲ್ಲಿ ಅಕ್ಕಪಕ್ಕ ಇವೆ. ಈಕ್ವಟೋರಿಯಲ್ ಗಿನಿ ಕ್ಯಾಮರೂನ್ ಮತ್ತು ಗಬಾನ್ ನಡುವೆ ಸಿಕ್ಕಿಕೊಂಡಿದೆ. ಪಾಪುವಾ ನ್ಯೂ ಗಿನಿ ಆಫ್ರಿಕಾದಲ್ಲೇ ಇಲ್ಲ, ಆಸ್ಟ್ರೇಲಿಯಾದ ಉತ್ತರಕ್ಕಿದೆ. ಇಂಥ ಅವಳಿಜವಳಿಗಳು ಎಲ್ಲ ಖಂಡದಲ್ಲೂ ಇವೆ: ಸ್ಲೊವಾಕಿಯಾ ಮತ್ತು ಸ್ಲೊವೇನಿಯಾ, ಡೊಮಿನಿಕಾ ಮತ್ತು ಡೊಮಿನಿಕನ್ ಗಣರಾಜ್ಯ, ಮಾರಿಷಸ್ ಮತ್ತು ಮಾರಿಟೇನಿಯಾ, ಎರಡು ಕಾಂಗೊ. ಇವನ್ನೇ ಹಾಕಿ ಹತ್ತು ಪ್ರಶ್ನೆಗಳ ಒಂದು ಕ್ವಿಜ್ ಮಾಡಿಕೊಂಡರೆ ದೊಡ್ಡ ಕ್ವಿಜ್‌ನ ಅರ್ಧ ತಪ್ಪುಗಳು ಅಲ್ಲೇ ಮುಗಿಯುತ್ತವೆ.

ಯಾವಾಗ ಮತ್ತೆ ಆಡಬೇಕು?

ಕಲಿತದ್ದು ಎಷ್ಟು ಬೇಗ ಮರೆಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ಅಳೆದು ತೋರಿಸಿದ್ದರು. ಮೊದಲ ಒಂದೆರಡು ದಿನದಲ್ಲೇ ಹೆಚ್ಚಿನದು ಸೋರಿ ಹೋಗುತ್ತದೆ. ಅದಕ್ಕೆ ಮದ್ದು ಅಂತರ ಬಿಟ್ಟು ಆಡುವುದು. ಇವತ್ತು ಕಲಿತ ನಕ್ಷೆಯನ್ನು ನಾಳೆ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರ ಬಿಟ್ಟು, ಆಮೇಲೆ ತಿಂಗಳು ಬಿಟ್ಟು. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ ಹದಿನೈದು ನಿಮಿಷ ಎಷ್ಟೋ ಮೇಲು. ತಿಂಗಳ ಸರದಿ ಬಂದಾಗ ಬೇರೆ ಸೈಟ್‌ನಲ್ಲಿ ಆಡಿ. ಅಲ್ಲಿ ನಕ್ಷೆಯ ಬಣ್ಣ, ಅಳತೆ, ಕತ್ತರಿಸಿದ ರೀತಿ ಎಲ್ಲ ಬೇರೆ ಇರುತ್ತದೆ. ನೀವು ಕಲಿತದ್ದು ಖಂಡವನ್ನೋ ಹಳೆಯ ಸೈಟ್‌ನ ಚಿತ್ರವನ್ನೋ ಎಂಬುದು ಬಯಲಾಗುತ್ತದೆ.

ದಿನಕ್ಕೊಂದು ಆಟ

ನಡುನಡುವೆ ದಿನಕ್ಕೊಂದು ಒಗಟು ಕೊಡುವ ಆಟಗಳನ್ನೂ ಸೇರಿಸಿ. 2022ರಲ್ಲಿ ಬಂದ ವರ್ಲ್ಡ್ಲ್ ಒಂದು ದೇಶದ ಆಕಾರವನ್ನಷ್ಟೇ ತೋರಿಸುತ್ತದೆ. ಆರು ಊಹೆ ಕೊಡುತ್ತದೆ. ತಪ್ಪಾದರೆ ಸರಿ ಉತ್ತರ ಎಷ್ಟು ಕಿಲೋಮೀಟರ್ ದೂರ, ಯಾವ ದಿಕ್ಕಿಗೆ ಎಂದು ಬಾಣ ಹಾಕಿ ಹೇಳುತ್ತದೆ. ದೂರ ಮತ್ತು ದಿಕ್ಕಿನ ಅಂದಾಜು ಬೆಳೆಯಲು ಇದಕ್ಕೆ ಸಾಟಿ ಇಲ್ಲ. ಗ್ಲೋಬ್ಲ್‌ನಲ್ಲಿ ಸುಳಿವು ಬಣ್ಣದಲ್ಲಿ ಬರುತ್ತದೆ, ಹತ್ತಿರವಾದಷ್ಟೂ ಗಾಢವಾಗುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಟ್ರಾವ್ಲ್. ಒಂದು ದೇಶದಿಂದ ಇನ್ನೊಂದಕ್ಕೆ ನೆಲದ ಮೇಲೆ ಹೋಗಬೇಕು, ನಡುವಿನ ದೇಶಗಳನ್ನು ಹೇಳಬೇಕು. ಪೋರ್ಚುಗಲ್‌ನಿಂದ ಪೋಲೆಂಡ್‌ಗೆ ಸ್ಪೇನ್, ಫ್ರಾನ್ಸ್, ಜರ್ಮನಿ ದಾಟಿದರೆ ಸಾಕು. ನಾರ್ವೆಯಿಂದ ಉತ್ತರ ಕೊರಿಯಾಗೆ? ನಡುವೆ ಒಂದೇ ದೇಶ, ರಷ್ಯಾ. ಇದನ್ನು ಮೊದಲ ಸಲ ಕೇಳಿದವರು ನಕ್ಷೆ ತೆರೆದು ನೋಡದೆ ಬಿಡುವುದಿಲ್ಲ. ದೇಶಗಳನ್ನು ಬಿಡಿಬಿಡಿಯಾಗಿ ಅಲ್ಲದೆ ನೆರೆಹೊರೆಯಾಗಿ ನೋಡುವುದನ್ನು ಈ ಆಟ ಕಲಿಸುತ್ತದೆ. ಕಂಪ್ಯೂಟರ್ ಇಲ್ಲದಾಗ ಇಬ್ಬರು ಕೂತು ಬಾಯಲ್ಲೇ ಆಡಬಹುದು.

ಜಿಯೋಗೆಸರ್ ಕೂಡ ಸೊಗಸಾದ ಆಟವೇ, ಆದರೆ ಅದರ ದಾರಿ ಬೇರೆ. 2013ರಲ್ಲಿ ಶುರುವಾದ ಅದು ನಿಮ್ಮನ್ನು ಯಾವುದೋ ರಸ್ತೆಯಲ್ಲಿ ನಿಲ್ಲಿಸಿ, ಎಲ್ಲಿದ್ದೀರಿ ಹೇಳಿ ಎನ್ನುತ್ತದೆ. ವಾಹನ ಯಾವ ಬದಿಯಲ್ಲಿ ಹೋಗುತ್ತಿದೆ, ಬೋರ್ಡಿನ ಲಿಪಿ ಯಾವುದು, ಮಧ್ಯಾಹ್ನದ ಸೂರ್ಯ ಉತ್ತರಕ್ಕಿದ್ದಾನೋ ದಕ್ಷಿಣಕ್ಕೋ ಎಂದು ನೋಡಿ ಊಹಿಸಬೇಕು. ಹೆಚ್ಚು ಆಡಬೇಕೆಂದರೆ ಹಣ ಕೊಡಬೇಕು. ದೇಶಗಳ ಜಾಗ ಗಟ್ಟಿಯಾದ ಮೇಲೆ ಅಲ್ಲಿಗೆ ಹೋಗಿ.

ರಾಜಧಾನಿಗಳು

ದೇಶಗಳ ಜಾಗ ಬಂದ ನಂತರವೇ ರಾಜಧಾನಿ. ದೊಡ್ಡ ಊರೇ ರಾಜಧಾನಿ ಎಂಬ ಊಹೆ ಇಲ್ಲಿ ಕೈಕೊಡುತ್ತದೆ, ಆದ್ದರಿಂದ ಮೊದಲು ಅಂಥವನ್ನೇ ಕಲಿಯಿರಿ: ಆಸ್ಟ್ರೇಲಿಯಾದ ಕ್ಯಾನ್‌ಬೆರಾ, ಕೆನಡಾದ ಒಟ್ಟಾವಾ, ಟರ್ಕಿಯ ಅಂಕಾರಾ, 1960ರಲ್ಲಿ ಹೊಸದಾಗಿ ಕಟ್ಟಿ ರಾಜಧಾನಿ ಮಾಡಿದ ಬ್ರೆಸಿಲಿಯಾ, 1991ರಲ್ಲಿ ಲಾಗೋಸ್‌ನಿಂದ ಪಟ್ಟ ಪಡೆದ ನೈಜೀರಿಯಾದ ಅಬುಜಾ. ಕೆಲವು ಕಡೆ ಉತ್ತರ ಒಂದೇ ಅಲ್ಲ. ದಕ್ಷಿಣ ಆಫ್ರಿಕಾಕ್ಕೆ ಪ್ರಿಟೋರಿಯಾ, ಕೇಪ್ ಟೌನ್, ಬ್ಲೂಮ್‌ಫಾಂಟೇನ್ ಎಂದು ಮೂರು. ಬೊಲಿವಿಯಾದ ಸಂವಿಧಾನದ ರಾಜಧಾನಿ ಸುಕ್ರೆ, ಸರ್ಕಾರ ನಡೆಯುವುದು ಲಾ ಪಾಜ್‌ನಲ್ಲಿ. ಕ್ವಿಜ್ ಇವುಗಳಲ್ಲಿ ಒಂದನ್ನಷ್ಟೇ ಸರಿ ಎಂದರೆ ಬೆಚ್ಚಬೇಡಿ.

ಚಪ್ಪಟೆ ನಕ್ಷೆಯ ಮೋಸ

ಪ್ರಪಂಚದ ಕ್ವಿಜ್ ಆಡುವ ಹೊತ್ತಿಗೆ ಒಂದು ಎಚ್ಚರ ಬೇಕು. ಮರ್ಕೇಟರ್ 1569ರಲ್ಲಿ ನಾವಿಕರಿಗಾಗಿ ಮಾಡಿದ ನಕ್ಷೆಯ ಪದ್ಧತಿಯೇ ಇಂಟರ್ನೆಟ್‌ನ ಎಷ್ಟೋ ನಕ್ಷೆಗಳಲ್ಲಿದೆ. ದಿಕ್ಕು ಹಿಡಿದು ಹಡಗು ನಡೆಸಲು ಅದು ಸರಿ. ಆದರೆ ಧ್ರುವದ ಕಡೆ ಹೋದಂತೆ ನೆಲ ಉಬ್ಬುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು. ರಷ್ಯಾ ಸುಮಾರು 1.7 ಕೋಟಿ ಚದರ ಕಿಲೋಮೀಟರ್, ಆಫ್ರಿಕಾ 3 ಕೋಟಿಗೂ ಜಾಸ್ತಿ. ದಿ ಟ್ರೂ ಸೈಜ್ ಎಂಬ ಸೈಟ್‌ನಲ್ಲಿ ಗ್ರೀನ್‌ಲ್ಯಾಂಡನ್ನು ಹಿಡಿದು ಭೂಮಧ್ಯರೇಖೆಯ ತನಕ ಎಳೆದು ತನ್ನಿ, ಕಣ್ಣೆದುರೇ ಕುಗ್ಗುತ್ತದೆ. ವಾರಕ್ಕೊಮ್ಮೆಯಾದರೂ ಗೂಗಲ್ ಅರ್ಥ್‌ನ ಉರುಟು ಭೂಮಿಯನ್ನು ತಿರುಗಿಸಿ ನೋಡಿ.

ಹಳೆಯ ಕ್ವಿಜ್, ಹೊಸ ಹೆಸರು

ಬಳಕೆದಾರರೇ ಮಾಡಿಟ್ಟ ಹಳೆಯ ಕ್ವಿಜ್‌ಗಳಲ್ಲಿ ಹಳೆಯ ಹೆಸರುಗಳೇ ಉಳಿದಿರುತ್ತವೆ. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆಯಿತು, ಮ್ಯಾಸಿಡೋನಿಯಾ 2019ರಲ್ಲಿ ಉತ್ತರ ಮ್ಯಾಸಿಡೋನಿಯಾ ಆಯಿತು. ದಕ್ಷಿಣ ಸುಡಾನ್ ಹುಟ್ಟಿದ್ದೇ 2011ರಲ್ಲಿ. ಕಜಕಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್-ಸುಲ್ತಾನ್ ಆಗಿ, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಕೊಸೊವೊ, ಪಶ್ಚಿಮ ಸಹಾರಾ, ತೈವಾನ್‌ನಂಥ ಕಡೆ ಒಂದೊಂದು ಸೈಟ್ ಒಂದೊಂದು ರೀತಿ ಗಡಿ ಎಳೆಯುತ್ತದೆ. ದೇಶಗಳ ಲೆಕ್ಕ ಒಂದು ಕಡೆ 195, ಇನ್ನೊಂದು ಕಡೆ 197 ಬಂದರೆ ಕಾರಣ ಸಾಮಾನ್ಯವಾಗಿ ಇದೇ.

ದೇಶಗಳಾದ ಮೇಲೆ

ಪೆಸಿಫಿಕ್ ದ್ವೀಪಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅವಕ್ಕೆ ಗಡಿಯೂ ಇಲ್ಲ, ಆಕಾರವೂ ಕಾಣುವುದಿಲ್ಲ, ತಾಳ್ಮೆ ಬೇಕು. ಅದಕ್ಕೂ ಮೊದಲು ನದಿಗಳ ಕ್ವಿಜ್ ಆಡಿ. ದೇಶ, ರಾಜಧಾನಿ, ನದಿ ಮೂರೂ ಒಂದರ ಮೇಲೊಂದು ಕೂತಾಗ ನಕ್ಷೆಗೆ ಅರ್ಥ ಬರುತ್ತದೆ. ಡ್ಯಾನ್ಯೂಬ್ ಹತ್ತು ದೇಶಗಳನ್ನು ಮುಟ್ಟುತ್ತದೆ. ಅದರ ದಂಡೆಯಲ್ಲಿ ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂಬ ನಾಲ್ಕು ರಾಜಧಾನಿಗಳಿವೆ. ಖಾಲಿ ಹಾಳೆಯಲ್ಲಿ ನದಿಯನ್ನು ಎಳೆದು ನಾಲ್ಕು ಚುಕ್ಕೆ ಇಡಿ, ಒಂದೊಂದು ಚುಕ್ಕೆಯ ಸುತ್ತ ಅದರ ದೇಶ ಬಿಡಿಸಿ. ಆಮೇಲೆ ನೈಲ್ ನದಿಯನ್ನೂ ಹೀಗೇ ಬಿಡಿಸಿ. ಜೂಬಾದಿಂದ ಉತ್ತರಕ್ಕೆ ಹೊರಡಿ, ಬಿಳಿ ನೈಲ್ ಮತ್ತು ನೀಲಿ ನೈಲ್ ಕೂಡುವಲ್ಲಿ ಖಾರ್ಟೂಮ್ ಬರೆಯಿರಿ, ಮುಖಜ ಭೂಮಿ ಶುರುವಾಗುವ ಮುನ್ನ ಕೈರೋ.